ಆಟೋಮ್ಯಾಟಾ, ಕಂಪೈಲರ್, ಡಿಬಿಎಂಎಸ್: ಸೆಮಿಸ್ಟರ್‌ಗೂ ಗೇಟ್‌ಗೂ ಒಟ್ಟಿಗೆ ಓದೋದು ಹೇಗೆ?

ಯಾದಗಿರಿ ಹುಡುಗಿ

ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ ಬಿಇ ಕಂಪ್ಯೂಟರ್ ಸೈನ್ಸ್ ಮೂರನೇ ವರ್ಷದಲ್ಲಿದ್ದೇನೆ. ಊರು ಯಾದಗಿರಿ ಹತ್ತಿರ, ಎಸ್ಸೆಸ್ಸೆಲ್ಸಿವರೆಗೂ ಕನ್ನಡ ಮೀಡಿಯಂ. ಈ ಸೆಮ್‌ನಲ್ಲಿ ಆಟೋಮ್ಯಾಟಾ (ಲೆಕ್ಕ ಮಾಡುವ ಯಂತ್ರಗಳ ಗಣಿತ), ಕಂಪೈಲರ್ (ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಸಾಫ್ಟ್‌ವೇರ್), ಡಿಬಿಎಂಎಸ್ (ಡೇಟಾಬೇಸ್) ಮೂರೂ ಒಟ್ಟಿಗೆ ಬಂದಿವೆ. ಮೂರನೇ ವರ್ಷದವರೂ ಗೇಟ್ (ಎಂಟೆಕ್ ಸೇರೋಕೆ ಬರೆಯುವ ಪರೀಕ್ಷೆ) ಬರೆಯಬಹುದಲ್ವಾ, ಹಾಗಾಗಿ ಬರುವ ಫೆಬ್ರವರಿಯಲ್ಲಿ ಒಂದು ಸಲ ಬರೆಯಬೇಕು ಅಂತಿದ್ದೇನೆ.

ತೊಂದರೆ ಏನಂದ್ರೆ, ನೋಟ್ಸ್ ಓದುವಾಗ ಎಲ್ಲಾ ಅರ್ಥ ಆಗುತ್ತೆ. ಲೆಕ್ಕ ಮುಂದಿಟ್ಟರೆ ಪೆನ್ನು ಓಡಲ್ಲ. ಫಾಲೋ ಸೆಟ್‌ನಲ್ಲಿ (ಗ್ರಾಮರ್‌ನ ಒಂದು ಚಿಹ್ನೆ ಆದ ತಕ್ಷಣ ಬರಬಹುದಾದ ಚಿಹ್ನೆಗಳ ಗುಂಪು) ಯಾವ ಚಿಹ್ನೆ ಎಲ್ಲಿಂದ ಬಂತು ಅಂತ ತಿಳಿಯಲ್ಲ. 3ಎನ್‌ಎಫ್, ಬಿಸಿಎನ್‌ಎಫ್ (ಡೇಟಾಬೇಸ್ ಟೇಬಲ್‌ನಲ್ಲಿ ಒಂದೇ ಮಾಹಿತಿ ಮತ್ತೆ ಮತ್ತೆ ಬರದಂತೆ ನೋಡುವ ನಾರ್ಮಲ್ ಫಾರ್ಮ್ ನಿಯಮಗಳು) ವ್ಯಾಖ್ಯೆ ಬಾಯಿಪಾಠ ಇದೆ, ಟೇಬಲ್ ಕೊಟ್ಟರೆ ಯಾವುದು ಅಂತ ಹೇಳೋಕೆ ಬರಲ್ಲ. ಸೆಮಿಸ್ಟರ್‌ಗೆ ಬೇರೆ, ಗೇಟ್‌ಗೆ ಬೇರೆ ಓದಬೇಕಾ? ಯಾವುದು ಮೊದಲು? ಕೋಚಿಂಗ್‌ಗೆ ಹೈದರಾಬಾದ್‌ಗೋ ಬೆಂಗಳೂರಿಗೋ ಹೋಗೋಕೆ ಮನೆಯಲ್ಲಿ ಅನುಕೂಲ ಇಲ್ಲ. ಇಲ್ಲೇ ಇದ್ದು ಆಗುತ್ತಾ?

ಆಳಂದ ರಸ್ತೆ

ಆಗುತ್ತೆ ತಂಗಿ. ನಾನೂ ಕಲಬುರಗಿಯಲ್ಲೇ ಓದಿ ಗೇಟ್ ಬರೆದೆ, ಎಂಟೆಕ್ ಮುಗಿದಿದೆ. ಎರಡಕ್ಕೂ ಬೇರೆ ಬೇರೆ ಓದಬೇಡ. ವಿಷಯ ಒಂದೇ, ಕೇಳೋ ರೀತಿ ಬೇರೆ ಅಷ್ಟೇ. ಸೆಮಿಸ್ಟರ್‌ನಲ್ಲಿ ಮಾಡಿ ತೋರಿಸು ಅಂತಾರೆ. ಗೇಟ್‌ನಲ್ಲಿ ಮಾಡಿದ ಮೇಲೆ ಬಂದ ಉತ್ತರ ಮಾತ್ರ ಕೇಳ್ತಾರೆ.

ಮೊದಲು ಆಟೋಮ್ಯಾಟಾ ಹಿಡಿ. ಕಂಪೈಲರ್‌ನ ಮೊದಲ ಹಂತ ಲೆಕ್ಸಿಕಲ್ ಅನಾಲಿಸಿಸ್, ಅಂದ್ರೆ ಪ್ರೋಗ್ರಾಮನ್ನು ಪದಗಳಾಗಿ ಒಡೆಯೋದು. ಅದು ಪೂರ್ತಿ ರೆಗ್ಯುಲರ್ ಎಕ್ಸ್‌ಪ್ರೆಶನ್ (ಅಕ್ಷರಗಳ ಮಾದರಿ ಬರೆಯುವ ರೀತಿ), ಡಿಎಫ್‌ಎ (ಒಂದು ಸ್ಟೇಟ್‌ನಲ್ಲಿ ಒಂದು ಅಕ್ಷರ ಬಂದರೆ ಒಂದೇ ದಾರಿ ಇರುವ ಯಂತ್ರ) ಮೇಲೆ ನಿಂತಿದೆ. ಎರಡನೇ ಹಂತ ಪಾರ್ಸಿಂಗ್, ಅಂದ್ರೆ ಆ ಪದಗಳ ಜೋಡಣೆ ಗ್ರಾಮರ್‌ಗೆ ಸರಿ ಇದೆಯಾ ನೋಡೋದು. ಅದಕ್ಕೆ ಕಾಂಟೆಕ್ಸ್ಟ್ ಫ್ರೀ ಗ್ರಾಮರ್ (ಒಂದು ಚಿಹ್ನೆ ಏನೇನಾಗಿ ಬಿಡಿಸಿಕೊಳ್ಳಬಹುದು ಅನ್ನೋ ನಿಯಮಗಳು) ಮತ್ತು ಸ್ಟ್ಯಾಕ್ (ಕೊನೆಗೆ ಇಟ್ಟಿದ್ದನ್ನು ಮೊದಲು ತೆಗೆಯುವ ನೆನಪು) ಬೇಕು, ಅಂದ್ರೆ ಪುಶ್‌ಡೌನ್ ಆಟೋಮ್ಯಾಟಾ. 1956ರಲ್ಲಿ ಚಾಮ್‌ಸ್ಕಿ ಗ್ರಾಮರ್‌ಗಳನ್ನು ವರ್ಗ ಮಾಡಿದರು. 1959ರಲ್ಲಿ ರಾಬಿನ್ ಮತ್ತು ಸ್ಕಾಟ್ ಎನ್‌ಎಫ್‌ಎ (ಒಂದೇ ಅಕ್ಷರಕ್ಕೆ ಹಲವು ದಾರಿ ಇರಬಹುದಾದ ಯಂತ್ರ), ಡಿಎಫ್‌ಎ ಎರಡರ ಬಲವೂ ಒಂದೇ ಅಂತ ತೋರಿಸಿದರು. 1965ರಲ್ಲಿ ಕ್ನೂತ್ ಎಲ್‌ಆರ್ ಪಾರ್ಸಿಂಗ್ (ಎಡದಿಂದ ಓದುತ್ತಾ ಕೆಳಗಿನಿಂದ ಮೇಲಕ್ಕೆ ಕಟ್ಟುವ ರೀತಿ) ಕೊಟ್ಟರು. ಒಂದರ ಮೇಲೊಂದು ಬೆಳೆದ ವಿಷಯ ಇದು. ಅದೇ ಕ್ರಮದಲ್ಲಿ ಓದಿದರೆ ಕಂಪೈಲರ್‌ಗೆ ಬರುವ ಹೊತ್ತಿಗೆ ಅರ್ಧ ದಾರಿ ಮುಗಿದಿರುತ್ತೆ.

ಪೆನ್ನು ಓಡಬೇಕಾದರೆ ಸಣ್ಣ ಲೆಕ್ಕದಿಂದ ಶುರು ಮಾಡು. 3ರಿಂದ ಭಾಗ ಆಗುವ ಬೈನರಿ ಸಂಖ್ಯೆಗಳನ್ನು ಒಪ್ಪುವ ಡಿಎಫ್‌ಎ ಬರೆ. ಉತ್ತರ ನೋಡಬೇಡ. ಯಂತ್ರ ಏನನ್ನು ನೆನಪಿಡಬೇಕು ಅಂತ ಕೇಳಿಕೊ. ಇಡೀ ಸಂಖ್ಯೆ ನೆನಪಿಡೋಕೆ ಆಗಲ್ಲ, ಶೇಷ ಮಾತ್ರ ಸಾಕು. ಶೇಷ 0, 1, 2, ಹಾಗಾಗಿ ಮೂರು ಸ್ಟೇಟ್. ಹೊಸ ಬಿಟ್ ಬಂದಾಗ ಹಳೇ ಶೇಷ ಎರಡು ಪಟ್ಟಾಗುತ್ತೆ, ಅದಕ್ಕೆ ಬಿಟ್ ಕೂಡಿಸಿ ಮತ್ತೆ 3ರಿಂದ ಶೇಷ ತೆಗಿ. ಶೇಷ 1 ಇದ್ದಾಗ 0 ಬಂದರೆ 2ಕ್ಕೆ ಹೋಗುತ್ತೆ, 1 ಬಂದರೆ 0ಗೆ ಹೋಗುತ್ತೆ. ಶೇಷ 2 ಇದ್ದಾಗ 0 ಬಂದರೆ 1ಕ್ಕೆ, 1 ಬಂದರೆ ಅಲ್ಲೇ. ಈಗ 110 ಹಾಕಿ ನೋಡು: 0ಯಿಂದ 1, 1ರಿಂದ 0, ಅಲ್ಲೇ 0. ಒಪ್ಪಿತು, 110 ಅಂದ್ರೆ 6.

ಸ್ಟೇಟ್ ಅಂದ್ರೆ ಯಂತ್ರದ ನೆನಪು. ಇದು ಕೈಗೆ ಹತ್ತಿದರೆ ಉಳಿದ ಡಿಎಫ್‌ಎ ಲೆಕ್ಕ ಎಲ್ಲಾ ಇದೇ ದಾರಿಯಲ್ಲಿ ಬರುತ್ತವೆ.

ಇನ್ನೊಂದು. ಕೊನೆಯಿಂದ ಮೂರನೇ ಅಂಕಿ 1 ಇರುವ ಸ್ಟ್ರಿಂಗ್‌ಗಳು. ಎನ್‌ಎಫ್‌ಎಗೆ 4 ಸ್ಟೇಟ್ ಸಾಕು. ಡಿಎಫ್‌ಎ ಕೊನೆಯ ಮೂರು ಅಂಕಿ ಏನಿತ್ತು ಅಂತ ನೆನಪಿಡಲೇಬೇಕು, ಹಾಗಾಗಿ 8 ಬೇಕು. ಎನ್‌ಎಫ್‌ಎಯನ್ನು ಡಿಎಫ್‌ಎ ಮಾಡುವ ಸಬ್‌ಸೆಟ್ ಕನ್‌ಸ್ಟ್ರಕ್ಷನ್‌ನ ಟೇಬಲ್ ಕೈಯಲ್ಲೇ ಹಾಕಿ 8 ಬರುವವರೆಗೆ ಏಳಬೇಡ. ಕೊನೆಯಿಂದ ಹತ್ತನೆಯದು ಅಂತ ಗೇಟ್‌ನಲ್ಲಿ ಕೇಳಿದರೆ ಚಿತ್ರ ಬೇಕಿಲ್ಲ, 2ರ ಘಾತ 10, ಅಂದ್ರೆ 1024. ಕೈಯಲ್ಲಿ ಒಮ್ಮೆ 8 ತೆಗೆದವರಿಗೆ ಇದು ತಕ್ಷಣ ಹೊಳೆಯುತ್ತೆ.

ಶಹಾಪುರದವ

ನನ್ನ ಅಭಿಪ್ರಾಯ ಬೇರೆ. ಗೇಟ್‌ಗೆ ಕಂಪೈಲರ್ ಬಿಟ್ಟುಬಿಡಿ. ಬರೋ ಅಂಕ ಕಡಿಮೆ, ತಲೆನೋವು ಜಾಸ್ತಿ. ಆ ಟೈಮ್‌ನಲ್ಲಿ ಡೇಟಾ ಸ್ಟ್ರಕ್ಚರ್, ಅಲ್ಗಾರಿದಮ್ ಮಾಡಿಕೊಳ್ಳಿ.

ಆಳಂದ ರಸ್ತೆ

ಅಲ್ಗಾರಿದಮ್ ಮುಖ್ಯ, ಒಪ್ಪುತ್ತೇನೆ. ಆದರೆ ಕಂಪೈಲರ್ ಬಿಡೋದು ನಷ್ಟ. ಗೇಟ್ ಸಿಲೆಬಸ್ ತೆಗೆದು ನೋಡು ತಮ್ಮಾ: ಲೆಕ್ಸಿಕಲ್, ಪಾರ್ಸಿಂಗ್, ಸಿಂಟ್ಯಾಕ್ಸ್ ಡೈರೆಕ್ಟೆಡ್ ಟ್ರಾನ್ಸ್‌ಲೇಶನ್, ರನ್‌ಟೈಮ್ ಎನ್ವಿರಾನ್‌ಮೆಂಟ್, ಇಂಟರ್‌ಮೀಡಿಯೆಟ್ ಕೋಡ್, ಲೋಕಲ್ ಆಪ್ಟಿಮೈಜೇಶನ್, ಡೇಟಾ ಫ್ಲೋ. ಇಷ್ಟೇ. ಇದಕ್ಕಿಂತ ಸಣ್ಣ ವಿಷಯ ಪೇಪರ್‌ನಲ್ಲಿ ಇನ್ನೊಂದು ಸಿಗೋದು ಕಷ್ಟ. ಅದೂ ಅಲ್ಲದೆ ಆ ಹುಡುಗಿಗೆ ಸೆಮಿಸ್ಟರ್‌ಗೆ ಹೇಗೂ ಓದಲೇಬೇಕು.

ಡೇಟಾ ಫ್ಲೋನಲ್ಲಿ ಬರುವ ಲೈವ್‌ನೆಸ್‌ಗೆ ಹೆದರುತ್ತಾರೆ. ಯಾವ ಸಾಲಿನ ಹೊತ್ತಿಗೆ ಯಾವ ವೇರಿಯಬಲ್‌ನ ಬೆಲೆ ಮುಂದೆ ಬೇಕಾಗುತ್ತೆ ಅನ್ನೋದೇ ಅದು. ಮೂರು ಸಾಲು ಬರೆದು ತೋರಿಸ್ತೀನಿ.

1. ಎ = ಬಿ + ಸಿ
2. ಡಿ = ಎ × 2
3. ಬಿ = ಡಿ − ಎ

ಕೊನೆಗೆ ಬಿ ಮಾತ್ರ ಬೇಕು ಅಂತಿಟ್ಟುಕೊ. ಕೆಳಗಿನಿಂದ ಮೇಲಕ್ಕೆ ಬಾ. ಪ್ರತಿ ಸಾಲಿನಲ್ಲೂ ಎಡಗಡೆ ಇರೋದನ್ನು ತೆಗಿ, ಬಲಗಡೆ ಇರೋದನ್ನು ಸೇರಿಸು. 3ರ ಮುಂಚೆ: ಬಿ ಹೋಯಿತು, ಡಿ ಮತ್ತು ಎ ಬಂದವು. 2ರ ಮುಂಚೆ: ಡಿ ಹೋಯಿತು, ಎ ಉಳಿಯಿತು. 1ರ ಮುಂಚೆ: ಎ ಹೋಯಿತು, ಬಿ ಮತ್ತು ಸಿ ಬಂದವು. ಮುಗೀತು. ರಿಜಿಸ್ಟರ್ (ಪ್ರೊಸೆಸರ್ ಒಳಗಿನ ಸಣ್ಣ ನೆನಪಿನ ಜಾಗ) ಎಷ್ಟು ಬೇಕು ಅನ್ನೋ ಪ್ರಶ್ನೆಗೂ ಇದೇ ಬುನಾದಿ. ಇದನ್ನು ಬಿಟ್ಟು ಹೋಗ್ತೀಯಾ?

ಶಹಾಪುರದವ

ಇಷ್ಟು ಸರಳ ಇದ್ದರೆ ಬಿಡಬಾರದು ಅಣ್ಣ. ನಾನೂ ನೋಡ್ತೀನಿ.

ಯಾದಗಿರಿ ಹುಡುಗಿ

ಥ್ಯಾಂಕ್ಸ್ ಅಣ್ಣಾ. ಆ 8 ಸ್ಟೇಟ್ ಟೇಬಲ್ ಹಾಕಿದೆ, ಬಂತು. ಈಗ ಫಾಲೋ ಬಗ್ಗೆ ಯಾರಾದರೂ ಹೇಳಿ. ಎಡ ರಿಕರ್ಶನ್ (ನಿಯಮದ ಬಲಗಡೆ ಮೊದಲಿಗೇ ಅದೇ ಚಿಹ್ನೆ ಮತ್ತೆ ಬರೋದು) ತೆಗೆದಾದ ಮೇಲೆ ಬರುವ ಗ್ರಾಮರ್‌ನಲ್ಲಿ ಟಿಯ ಫಾಲೋನಲ್ಲಿ ಮುಚ್ಚುವ ಆವರಣ ಹೇಗೆ ಬಂತು? ಗ್ರಾಮರ್‌ನಲ್ಲಿ ಟಿ ಪಕ್ಕ ಆವರಣ ಎಲ್ಲೂ ಇಲ್ಲ.

ಪಾಠದ ಮೇಡಂ, ಕಲಬುರಗಿ

ಒಳ್ಳೇ ಪ್ರಶ್ನೆ ಕೇಳಿದ್ದೀಯವ್ವ. ಕ್ಲಾಸಿನಲ್ಲೂ ಬಹಳ ಮಕ್ಕಳು ಇಲ್ಲೇ ನಿಲ್ಲುತ್ತಾರೆ. ಗ್ರಾಮರ್ ಇಲ್ಲಿ ಬರೆಯುತ್ತೇನೆ. ಎಪ್ಸಿಲಾನ್ ಅಂದ್ರೆ ಖಾಲಿ, ಏನೂ ಇಲ್ಲ ಅಂತ.

ಇ → ಟಿ ಇ′
ಇ′ → + ಟಿ ಇ′ | ಎಪ್ಸಿಲಾನ್
ಟಿ → ಎಫ್ ಟಿ′
ಟಿ′ → * ಎಫ್ ಟಿ′ | ಎಪ್ಸಿಲಾನ್
ಎಫ್ → ( ಇ ) | ಐಡಿ

ಮೊದಲು ಇ ನೋಡು. ಅದು ಶುರುವಿನ ಚಿಹ್ನೆ, ಹಾಗಾಗಿ ಇನ್‌ಪುಟ್ ಮುಗಿಯಿತು ಅಂತ ತೋರಿಸುವ $ ಬರುತ್ತೆ. ಕೊನೆಯ ಸಾಲಿನಲ್ಲಿ ಇ ಆದ ಮೇಲೆ ) ಇದೆ. ಆದ್ದರಿಂದ ಇಯ ಫಾಲೋ: ) ಮತ್ತು $.

ಈಗ ಟಿ. ಅದರ ಬಲಕ್ಕೆ ಎಲ್ಲಾ ಕಡೆ ಇ′ ಇದೆ. ಇ′ನ ಫಸ್ಟ್‌ನಲ್ಲಿ (ಅದರ ಶುರುವಿನಲ್ಲಿ ಬರಬಹುದಾದ ಚಿಹ್ನೆಗಳು) + ಇದೆ, ಅದು ಸೇರಿತು. ಮಕ್ಕಳು ಇಲ್ಲೇ ಪೆನ್ನು ಎತ್ತಿಬಿಡುತ್ತಾರೆ. ಆದರೆ ಇ′ ಎಪ್ಸಿಲಾನ್ ಆಗಬಹುದಲ್ವಾ? ಆದಾಗ ಇ ಅಂದ್ರೆ ಬರೀ ಟಿ. ಇ ಆದ ಮೇಲೆ ಏನೇನು ಬರಬಹುದೋ ಅದೆಲ್ಲಾ ಟಿ ಆದ ಮೇಲೂ ಬರಬಹುದು. ಆವರಣ ಬಂದಿದ್ದು ಅಲ್ಲಿಂದ. ಟಿಯ ಫಾಲೋ: +, ), $.

ಒಂದು ಸಾಲು ಬಿಡಿಸಿ ನೋಡು, ನಂಬಿಕೆ ಬರುತ್ತೆ. ಇಯಿಂದ ಶುರು ಮಾಡಿ ( ಟಿ ) ಬರುವ ಹಾಗೆ ಡೆರಿವೇಶನ್ ಬರೆ. ಕಣ್ಣೆದುರೇ ಟಿ ಪಕ್ಕ ಆವರಣ ಬಂದು ಕೂರುತ್ತೆ. ಎಫ್‌ಗೆ ನೀನೇ ಮಾಡು. ನಾಲ್ಕು ಚಿಹ್ನೆ ಬರಬೇಕು.

ಉತ್ತರ ಪತ್ರಿಕೆ ಬಗ್ಗೆಯೂ ಹೇಳಿಬಿಡುತ್ತೇನೆ. ವಿಟಿಯು ಪೇಪರ್‌ನಲ್ಲಿ ಐದು ಮಾಡ್ಯೂಲ್, ಒಂದೊಂದರಲ್ಲೂ ಎರಡು ಪೂರ್ಣ ಪ್ರಶ್ನೆ, ಒಂದನ್ನು ಬರೆಯಬೇಕು, 20 ಅಂಕ. ಮಾಡ್ಯೂಲ್ ಒಂದನ್ನು ಪೂರ್ತಿ ಬಿಟ್ಟು ಹೋದರೆ 20 ಅಂಕಕ್ಕೆ ಕೈಬಿಟ್ಟ ಹಾಗೆ. ಹಂತ ಹಂತವಾಗಿ ಬರೆ. ಉತ್ತರ ತಪ್ಪಾದರೂ ಹಂತಕ್ಕೆ ಅಂಕ ಇರುತ್ತೆ. ಡಿಎಫ್‌ಎ ಬರೆದಾಗ ಟ್ರಾನ್ಸಿಶನ್ ಟೇಬಲ್ ಕೊಡು, ಶುರುವಿನ ಸ್ಟೇಟ್‌ಗೆ ಬಾಣ ಹಾಕು, ಕೊನೆಯ ಸ್ಟೇಟ್‌ಗೆ ಎರಡು ಸುತ್ತು ಹಾಕು, ಒಂದು ಸ್ಟ್ರಿಂಗ್ ಓಡಿಸಿ ತೋರಿಸು. ಮೌಲ್ಯಮಾಪನ ಮಾಡುವವರಿಗೆ ನಿನಗೆ ಗೊತ್ತಿದೆ ಅನ್ನೋದು ಆ ಓಡಿಸಿ ತೋರಿಸಿದ ಸಾಲಿನಲ್ಲೇ ಕಾಣುತ್ತೆ.

ಭಾಷೆಯ ಬಗ್ಗೆ ಚಿಂತೆ ಬೇಡ. ಯೋಚನೆ ಕನ್ನಡದಲ್ಲೇ ಮಾಡು. ಬರೆಯುವಾಗ ಸಣ್ಣ ಇಂಗ್ಲಿಷ್ ವಾಕ್ಯ ಸಾಕು, ಈ ಮೂರು ವಿಷಯದಲ್ಲಿ ಟೇಬಲ್ ಮತ್ತು ಚಿತ್ರವೇ ಮುಕ್ಕಾಲು ಮಾತಾಡುತ್ತವೆ.

ಯಾದಗಿರಿ ಹುಡುಗಿ

ಎಫ್‌ನ ಫಾಲೋ: *, +, ), $. ಸರಿನಾ ಮೇಡಂ? ಟಿ′ ಎಪ್ಸಿಲಾನ್ ಆದಾಗ ಟಿಯ ಫಾಲೋ ಪೂರ್ತಿ ಇಳಿದು ಬಂತು.

ಪಾಠದ ಮೇಡಂ, ಕಲಬುರಗಿ

ಸರಿ. ಕಾರಣವನ್ನೂ ಹೇಳಿದೆಯಲ್ಲ, ಬಹಳ ಖುಷಿಯಾಯಿತು. ಮುಂದೆ ಎಲ್‌ಆರ್(0) ಐಟಂಗಳಿಗೆ (ಎಲ್ಲಿಯವರೆಗೆ ಓದಿದ್ದೇವೆ ಅಂತ ಚುಕ್ಕಿ ಹಾಕಿದ ನಿಯಮಗಳು) ಹೋಗು. ಎಲ್‌ಆರ್‌ನ ಸರಳ ರೂಪವಾದ ಎಸ್‌ಎಲ್‌ಆರ್‌ನಲ್ಲಿ ರೆಡ್ಯೂಸ್ (ನಿಯಮದ ಬಲಗಡೆಯನ್ನು ಎಡಗಡೆಯ ಚಿಹ್ನೆಯಾಗಿ ಮಡಚೋದು) ಎಲ್ಲೆಲ್ಲಿ ಹಾಕಬೇಕು ಅಂತ ಹೇಳೋದೇ ಈ ಫಾಲೋ. ಇನ್ನೊಂದು ರೂಪವಾದ ಎಲ್‌ಎಎಲ್‌ಆರ್‌ನಲ್ಲಿ ಒಂದೇ ಕೋರ್ (ಲುಕ್‌ಅಹೆಡ್, ಅಂದ್ರೆ ಮುಂದೆ ಬರಬೇಕಾದ ಚಿಹ್ನೆ, ಬಿಟ್ಟು ಉಳಿದ ಭಾಗ) ಇರೋ ಸ್ಟೇಟ್‌ಗಳನ್ನು ಕೂಡಿಸುತ್ತೇವೆ. ಕೂಡಿಸಿದಾಗ ಹೊಸದಾಗಿ ರೆಡ್ಯೂಸ್-ರೆಡ್ಯೂಸ್ ಜಗಳ ಬರಬಹುದು, ಶಿಫ್ಟ್-ರೆಡ್ಯೂಸ್ ಬರಲ್ಲ. ಶಿಫ್ಟ್‌ಗೆ (ಚಿಹ್ನೆಯನ್ನು ಓದಿ ಸ್ಟ್ಯಾಕ್‌ಗೆ ಹಾಕೋದು) ಲುಕ್‌ಅಹೆಡ್ ಬೇಕಿಲ್ಲ, ಅದು ಕೋರ್ ನೋಡಿಯೇ ತೀರ್ಮಾನ ಆಗುತ್ತೆ. ಗೇಟ್‌ನಲ್ಲಿ ಇದನ್ನು ಸರಿ-ತಪ್ಪು ಹೇಳಿಕೆಯಾಗಿ ಕೇಳೋದುಂಟು.

ಜ್ಞಾನಗಂಗಾ ಎಂಸಿಎ

ನಾನು ಯುಜಿಸಿ ನೆಟ್‌ಗೆ ಓದುತ್ತಿದ್ದೇನೆ. ಅಲ್ಲಿ ಡಿಬಿಎಂಎಸ್ ನಾಲ್ಕನೇ ಯೂನಿಟ್. ಥಿಯರಿ ಆಫ್ ಕಂಪ್ಯೂಟೇಶನ್ (ಆಟೋಮ್ಯಾಟಾ ಇದರಲ್ಲೇ ಬರುತ್ತೆ) ಮತ್ತು ಕಂಪೈಲರ್ ಸೇರಿ ಎಂಟನೇ ಯೂನಿಟ್. ಎರಡನೇ ಪೇಪರ್ 100 ಪ್ರಶ್ನೆ, ಒಂದೊಂದಕ್ಕೆ 2 ಅಂಕ, ನೆಗೆಟಿವ್ ಇಲ್ಲ. ಗೇಟ್‌ನಲ್ಲಿ ಹಾಗಲ್ಲ. ಒಂದೇ ಉತ್ತರದ ಪ್ರಶ್ನೆ ತಪ್ಪಾದರೆ 1 ಅಂಕದ್ದಕ್ಕೆ ಮೂರನೇ ಒಂದು ಭಾಗ, 2 ಅಂಕದ್ದಕ್ಕೆ ಮೂರನೇ ಎರಡು ಭಾಗ ಹೋಗುತ್ತೆ. ಒಂದಕ್ಕಿಂತ ಜಾಸ್ತಿ ಉತ್ತರ ಇರಬಹುದಾದ ಪ್ರಶ್ನೆಗೆ, ಸಂಖ್ಯೆ ಟೈಪ್ ಮಾಡುವ ಪ್ರಶ್ನೆಗೆ ನೆಗೆಟಿವ್ ಇಲ್ಲ. ಮೊದಲ ಸಲ ಬರೆಯುವವರು ಇದನ್ನು ತಿಳಿದುಕೊಂಡು ಕೂರಬೇಕು.

ಪಂಪಿಂಗ್ ಲೆಮ್ಮಾ ಬಗ್ಗೆ ಒಂದು ಮಾತು. ಡಿಎಫ್‌ಎ ಒಪ್ಪುವ ಸ್ಟ್ರಿಂಗ್‌ಗಳ ಗುಂಪಿಗೆ ರೆಗ್ಯುಲರ್ ಭಾಷೆ ಅಂತಾರೆ. ಅಂಥ ಭಾಷೆಯ ಉದ್ದದ ಸ್ಟ್ರಿಂಗ್‌ನಲ್ಲಿ ಒಂದು ತುಂಡನ್ನು ಎಷ್ಟು ಸಲ ಬರೆದರೂ ಅದು ಭಾಷೆಯಲ್ಲೇ ಉಳಿಯುತ್ತೆ ಅನ್ನೋದೇ ಈ ಲೆಮ್ಮಾ. ಅದರಿಂದ ಒಂದು ಭಾಷೆ ರೆಗ್ಯುಲರ್ ಅಲ್ಲ ಅಂತ ತೋರಿಸಬಹುದು. ರೆಗ್ಯುಲರ್ ಹೌದು ಅಂತ ತೋರಿಸೋಕೆ ಆಗಲ್ಲ. ರೆಗ್ಯುಲರ್ ಅಲ್ಲದ ಕೆಲವು ಭಾಷೆಗಳೂ ಆ ಲೆಮ್ಮಾವನ್ನು ಪಾಲಿಸುತ್ತವೆ. ಹೌದು-ಅಲ್ಲ ಎರಡೂ ಬೇಕಾದರೆ ಮೈಹಿಲ್-ನೆರೋಡ್ ಪ್ರಮೇಯ ಓದಿ. ಎಷ್ಟು 'ಅ' ಬಂತೋ ಅಷ್ಟೇ 'ಬ' ಬರಬೇಕು ಅನ್ನೋ ಭಾಷೆ ತಗೊಳ್ಳಿ. 'ಅ', 'ಅಅ', 'ಅಅಅ' ಒಂದೊಂದಕ್ಕೂ ಮುಂದೆ ಬೇಕಾದ 'ಬ' ಬೇರೆ ಬೇರೆ. ಹಾಗಾಗಿ ಒಂದೊಂದಕ್ಕೂ ಬೇರೆ ಸ್ಟೇಟ್ ಬೇಕು. ಅವು ಮುಗಿಯೋದೇ ಇಲ್ಲ. ಆದ್ದರಿಂದ ಡಿಎಫ್‌ಎ ಇಲ್ಲ. ಲೆಮ್ಮಾಕ್ಕಿಂತ ಇದು ನನಗೆ ಬೇಗ ಹತ್ತಿತು.

ಬಿದ್ರಿ ಕುಸುರಿ

ಬೀದರ್‌ನವನು, ಡೇಟಾಬೇಸ್ ಕೆಲಸದಲ್ಲೇ ಇದ್ದೇನೆ. ನಾರ್ಮಲ್ ಫಾರ್ಮ್ ಬಗ್ಗೆ ನಾನು ಹೇಳ್ತೀನಿ ಸಿಸ್ಟರ್.

ವ್ಯಾಖ್ಯೆ ಪಕ್ಕಕ್ಕಿಡಿ. ಮೊದಲು ಕ್ಯಾಂಡಿಡೇಟ್ ಕೀ (ಇಡೀ ಸಾಲನ್ನು ಗುರುತಿಸುವ, ಒಂದೂ ಹೆಚ್ಚಿಲ್ಲದ ಕಾಲಮ್‌ಗಳ ಗುಂಪು) ಹುಡುಕಿ. ಅದು ತಪ್ಪಾದರೆ ಮುಂದಿನದೆಲ್ಲಾ ತಪ್ಪು. ನಮ್ಮ ಕಡೆಯ ಎಪಿಎಂಸಿಯಲ್ಲಿ ತೊಗರಿ ಮಾರಿದ ರಶೀದಿ ತಗೊಳ್ಳಿ: ರಶೀದಿ ನಂಬರ್, ರೈತರ ಐಡಿ, ರೈತರ ಊರು, ಧಾನ್ಯ, ಕ್ವಿಂಟಾಲ್. ಒಂದು ರಶೀದಿಗೆ ಒಬ್ಬ ರೈತ, ಒಂದು ಧಾನ್ಯ ಅಂತಿಟ್ಟುಕೊಳ್ಳಿ. ರಶೀದಿ ನಂಬರ್ ಗೊತ್ತಿದ್ದರೆ ರೈತರ ಐಡಿ, ಧಾನ್ಯ, ಕ್ವಿಂಟಾಲ್ ಗೊತ್ತು. ಐಡಿ ಗೊತ್ತಿದ್ದರೆ ಊರು ಗೊತ್ತು. ಹಾಗಾಗಿ ರಶೀದಿ ನಂಬರ್‌ನ ಕ್ಲೋಶರ್‌ನಲ್ಲಿ (ಅದರಿಂದ ಗೊತ್ತಾಗುವ ಎಲ್ಲಾ ಕಾಲಮ್) ಐದೂ ಬಂದವು, ಅದೇ ಕೀ. ಕೀ ಒಂದೇ ಕಾಲಮ್ ಆದ್ದರಿಂದ 2ಎನ್‌ಎಫ್‌ಗೆ (ಕೀಯ ಒಂದು ಭಾಗದಿಂದಲೇ ಕೀಯಲ್ಲಿಲ್ಲದ ಕಾಲಮ್ ಗೊತ್ತಾಗಬಾರದು ಅನ್ನೋ ನಿಯಮ) ತೊಂದರೆ ಇಲ್ಲ. ಆದರೆ ಐಡಿಯಿಂದ ಊರು ಅನ್ನೋದರಲ್ಲಿ ಐಡಿ ಕೀ ಅಲ್ಲ, ಊರು ಯಾವ ಕೀಯ ಭಾಗವೂ ಅಲ್ಲ. 3ಎನ್‌ಎಫ್ ಮುರಿಯಿತು. ಆ ರೈತ ಭಾಲ್ಕಿಯಿಂದ ಔರಾದಿಗೆ ಹೋದರೆ ಅವರ ಹಳೇ ರಶೀದಿ ಎಲ್ಲಾ ತಿದ್ದಬೇಕು, ಒಂದು ಉಳಿದರೂ ಡೇಟಾ ಸುಳ್ಳು ಹೇಳುತ್ತೆ. ರೈತರ ಟೇಬಲ್ ಬೇರೆ ಮಾಡಿದರೆ ಒಂದೇ ಸಾಲು ತಿದ್ದಿದರೆ ಆಯಿತು.

3ಎನ್‌ಎಫ್ ಇದ್ದೂ ಬಿಸಿಎನ್‌ಎಫ್ ಅಲ್ಲದ್ದು ಬೇಕಾದರೆ ಟ್ಯೂಶನ್ ಟೇಬಲ್: ವಿದ್ಯಾರ್ಥಿ, ವಿಷಯ, ಶಿಕ್ಷಕರು. ಒಬ್ಬ ಶಿಕ್ಷಕರು ಒಂದೇ ವಿಷಯ ಹೇಳಿಕೊಡ್ತಾರೆ. ಒಬ್ಬ ವಿದ್ಯಾರ್ಥಿ ಒಂದು ವಿಷಯವನ್ನು ಒಬ್ಬರ ಹತ್ತಿರವೇ ಕಲೀತಾನೆ. ಕೀಗಳು ಎರಡು: ವಿದ್ಯಾರ್ಥಿ-ವಿಷಯ, ವಿದ್ಯಾರ್ಥಿ-ಶಿಕ್ಷಕರು. ಮೂರು ಕಾಲಮ್ಮೂ ಯಾವುದಾದರೂ ಕೀಯ ಭಾಗ, ಹಾಗಾಗಿ 3ಎನ್‌ಎಫ್ ಒಪ್ಪುತ್ತೆ. ಆದರೆ ಶಿಕ್ಷಕರಿಂದ ವಿಷಯ ಗೊತ್ತಾಗುತ್ತೆ, ಶಿಕ್ಷಕರು ಒಂಟಿಯಾಗಿ ಕೀ ಅಲ್ಲ. ಬಿಸಿಎನ್‌ಎಫ್ ಇದನ್ನು ಒಪ್ಪಲ್ಲ. ಶಿಕ್ಷಕರು-ವಿಷಯ ಒಂದು, ವಿದ್ಯಾರ್ಥಿ-ಶಿಕ್ಷಕರು ಇನ್ನೊಂದು ಅಂತ ಒಡೆದರೆ ಡೇಟಾ ಕಳೆಯಲ್ಲ. ಆದರೆ ವಿದ್ಯಾರ್ಥಿ-ವಿಷಯದಿಂದ ಶಿಕ್ಷಕರು ಅನ್ನೋ ನಿಯಮವನ್ನು ಒಂದೇ ಟೇಬಲ್ ನೋಡಿ ಪರೀಕ್ಷಿಸೋಕೆ ಆಗಲ್ಲ. ಬಿಸಿಎನ್‌ಎಫ್‌ಗೆ ಹೋದಾಗ ಡಿಪೆಂಡೆನ್ಸಿ ಉಳಿಯದೇ ಹೋಗಬಹುದು ಅಂತ ಪುಸ್ತಕದಲ್ಲಿ ಬರೆದಿರೋದು ಇದನ್ನೇ.

ಎಸ್‌ಕ್ಯೂಎಲ್ (ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಭಾಷೆ) ಓದಿ ಕಲಿಯೋದಲ್ಲ. ಎಸ್‌ಕ್ಯೂಲೈಟ್ ಉಚಿತ, ಹಳೇ ಲ್ಯಾಪ್‌ಟಾಪ್‌ನಲ್ಲೂ ಓಡುತ್ತೆ. ಎರಡು ಸಣ್ಣ ಟೇಬಲ್ ಮಾಡಿ ನಲ್ (ಬೆಲೆ ಇಲ್ಲದ ಖಾಲಿ ಜಾಗ) ಹಾಕಿ ಆಟ ಆಡಿ. 'ನಾಟ್ ಇನ್' ಒಳಗಿನ ಪಟ್ಟಿಯಲ್ಲಿ ಒಂದು ನಲ್ ಇದ್ದರೂ ಒಂದು ಸಾಲೂ ಬರಲ್ಲ. ಕೌಂಟ್ ಸ್ಟಾರ್ ಎಲ್ಲಾ ಸಾಲು ಎಣಿಸುತ್ತೆ, ಕೌಂಟ್ ಒಳಗೆ ಕಾಲಮ್ ಹೆಸರು ಕೊಟ್ಟರೆ ನಲ್ ಬಿಟ್ಟು ಎಣಿಸುತ್ತೆ. ಪರೀಕ್ಷೆಯಲ್ಲೂ ಕೆಲಸದಲ್ಲೂ ಜನ ಎಡವೋದು ಇಲ್ಲೇ.

ಶಹಾಪುರದವ

ಬಿ ಪ್ಲಸ್ ಟ್ರೀ (ಡೇಟಾಬೇಸ್‌ನಲ್ಲಿ ಬೇಗ ಹುಡುಕೋಕೆ ಬಳಸುವ ಇಂಡೆಕ್ಸ್ ಮರ) ಆರ್ಡರ್ ಲೆಕ್ಕ ಒಂದು ಮಾಡಿ ತೋರಿಸಿ ಸರ್.

ಬಿದ್ರಿ ಕುಸುರಿ

ಬ್ಲಾಕ್ 1024 ಬೈಟ್, ಕೀ 8 ಬೈಟ್, ಪಾಯಿಂಟರ್ (ಕೆಳಗಿನ ನೋಡ್‌ನ ವಿಳಾಸ) 8 ಬೈಟ್. ಒಳಗಿನ ನೋಡ್‌ನಲ್ಲಿ ಪಾಯಿಂಟರ್ ಎಷ್ಟು ಹಿಡಿಯುತ್ತೆ? ಕೀಗಳು ಪಾಯಿಂಟರ್‌ಗಿಂತ ಒಂದು ಕಡಿಮೆ. 64 ಪಾಯಿಂಟರ್ ಅಂದ್ರೆ 512 ಬೈಟ್, 63 ಕೀ ಅಂದ್ರೆ 504, ಒಟ್ಟು 1016. ಇನ್ನೊಂದು ಜೊತೆ ಹಾಕಿದರೆ 1032, ಹಿಡಿಯಲ್ಲ. ಉತ್ತರ 64. ಎಲೆ ನೋಡ್ ಲೆಕ್ಕ ಬೇರೆ, ಅಲ್ಲಿ ಕೀ ಜೊತೆ ರೆಕಾರ್ಡ್ ಪಾಯಿಂಟರ್ ಇರುತ್ತೆ, ಮುಂದಿನ ಎಲೆಗೆ ಒಂದು ಪಾಯಿಂಟರ್ ಇರುತ್ತೆ. ಆರ್ಡರ್ ಅಂದ್ರೆ ಏನು ಅಂತ ಒಂದೊಂದು ಪುಸ್ತಕದಲ್ಲಿ ಒಂದೊಂದು ಥರ ಇದೆ. ಪ್ರಶ್ನೆಯಲ್ಲಿ ಕೊಟ್ಟಿದ್ದನ್ನೇ ಹಿಡಿಯಿರಿ.

ಯಾದಗಿರಿ ಹುಡುಗಿ

ಟ್ಯೂಶನ್ ಟೇಬಲ್ ಓದಿದ ಮೇಲೆ ಬಿಸಿಎನ್‌ಎಫ್ ಈಗ ತಿಳೀತು ಸರ್. ದಿನಾ ಎಷ್ಟು ಹೊತ್ತು, ಹೇಗೆ ಹಂಚಿಕೊಳ್ಳಲಿ ಅಂತ ಯಾರಾದರೂ ಹೇಳ್ತೀರಾ? ವಾರಕ್ಕೊಮ್ಮೆ ಊರಿಗೂ ಹೋಗಿ ಬರಬೇಕು.

ಆಳಂದ ರಸ್ತೆ

ಬೆಳಗ್ಗೆ ಲೆಕ್ಕ, ರಾತ್ರಿ ಓದು. ಬೆಳಗಿನ ಹೊತ್ತು ತಲೆ ಹಗುರ ಇರುತ್ತೆ. ನಮ್ಮ ಕಡೆ ಬಿಸಿಲು ಏರಿದ ಮೇಲೆ ರೂಮಿನಲ್ಲಿ ಕೂತು ಸ್ಟೇಟ್ ಎಣಿಸೋದು ಕಷ್ಟ. ಕಾಲೇಜು ಇರೋ ದಿನ ಒಂದು ಆಟೋಮ್ಯಾಟಾ ಲೆಕ್ಕ, ಒಂದು ಡಿಬಿಎಂಎಸ್ ಲೆಕ್ಕ ಸಾಕು. ತಪ್ಪಿಸಬೇಡ ಅಷ್ಟೇ. ಆಟೋಮ್ಯಾಟಾ ಗ್ರಾಮರ್‌ಗೆ ಬಂದ ವಾರ ಕಂಪೈಲರ್ ಶುರು ಮಾಡು.

ಊರಿಗೆ ರೈಲಲ್ಲಿ ಹೋಗ್ತೀಯಲ್ವಾ? ಒಂದು ಎನ್‌ಎಫ್‌ಎ ಹಾಳೆಯಲ್ಲಿ ಬರೆದಿಟ್ಟುಕೊಂಡು ಹತ್ತು. ವಾಡಿ ಬರೋಷ್ಟರಲ್ಲಿ ಡಿಎಫ್‌ಎ ಮಾಡು, ನಾಲವಾರ ದಾಟೋಷ್ಟರಲ್ಲಿ ಮಿನಿಮೈಸ್ ಮಾಡು, ಅಂದ್ರೆ ಹೆಚ್ಚುವರಿ ಸ್ಟೇಟ್ ತೆಗಿ. ಮನೆಗೆ ಹೋಗಿ ಆಟೋಮ್ಯಾಟಾ ಬರೆದು ಓಡಿಸುವ ಜೆಫ್ಲಾಪ್ ಸಾಫ್ಟ್‌ವೇರ್‌ನಲ್ಲಿ ಹಾಕಿ ಸರಿ ಇದೆಯಾ ನೋಡು, ಅದು ಉಚಿತ. ಪಾಠ ಕೇಳೋಕೆ ಎನ್‌ಪಿಟಿಇಎಲ್‌ನಲ್ಲಿ ಮೂರೂ ವಿಷಯಕ್ಕೆ ಐಐಟಿ ಪ್ರಾಧ್ಯಾಪಕರ ವಿಡಿಯೊ ಇವೆ, ಅದಕ್ಕೂ ದುಡ್ಡಿಲ್ಲ. ಆದರೆ ವಿಡಿಯೊ ನೋಡೋದನ್ನೇ ಓದು ಅಂದುಕೊಳ್ಳಬೇಡ. ಅವರು ಲೆಕ್ಕ ಶುರು ಮಾಡಿದ ತಕ್ಷಣ ನಿಲ್ಲಿಸಿ ನೀನು ಮಾಡು, ಆಮೇಲೆ ಮುಂದೆ ನೋಡು.

ಹಳೇ ಗೇಟ್ ಪ್ರಶ್ನೆಗಳನ್ನು ಅಧ್ಯಾಯ ಮುಗಿದ ದಿನವೇ ಮಾಡು. ಕೊನೆಗೆ ಒಟ್ಟಿಗೆ ಮಾಡ್ತೀನಿ ಅಂತ ಇಡಬೇಡ. ಒಂದು ಮಾತು ನೆನಪಿರಲಿ, ಗೇಟ್‌ನ 100 ಅಂಕದಲ್ಲಿ 15 ಜನರಲ್ ಆಪ್ಟಿಟ್ಯೂಡ್. ಅದನ್ನು ಬಿಟ್ಟು ಬರೀ ಕಂಪ್ಯೂಟರ್ ಓದಿದವರು ಸುಮ್ನೆ ಅಂಕ ಕಳೆದುಕೊಳ್ಳುತ್ತಾರೆ.

ಜ್ಞಾನಗಂಗಾ ಎಂಸಿಎ

ನಮ್ಮ ಕಲ್ಯಾಣ ಕರ್ನಾಟಕದವರು 371(ಜೆ) (ಈ ಭಾಗಕ್ಕೆ ಮೀಸಲಾತಿ ಕೊಡುವ ಸಂವಿಧಾನದ ವಿಧಿ) ಪ್ರಮಾಣಪತ್ರ ಮಾಡಿಸಿ ಇಟ್ಟುಕೊಳ್ಳಿ. ರಾಜ್ಯದ ಸೀಟು, ರಾಜ್ಯ ಸರ್ಕಾರದ ಕೆಲಸಕ್ಕೆ ಬೇಕಾಗುತ್ತೆ. ಗೇಟ್ ಅಖಿಲ ಭಾರತದ್ದು, ಅಲ್ಲಿ ಇದು ಬರಲ್ಲ. ಗೇಟ್ ಸ್ಕೋರ್ ಮೂರು ವರ್ಷ ನಡೆಯುತ್ತೆ, ಹಾಗಾಗಿ ಮೂರನೇ ವರ್ಷದಲ್ಲಿ ಬರೆಯೋದು ದಂಡ ಅಲ್ಲ.

ಪಾಠದ ಮೇಡಂ, ಕಲಬುರಗಿ

ಡಿಬಿಎಂಎಸ್‌ನ ಟ್ರಾನ್ಸಾಕ್ಷನ್ (ಒಂದು ಕೆಲಸಕ್ಕೆ ಸೇರಿದ ಓದು-ಬರೆಯುವ ಹೆಜ್ಜೆಗಳ ಗುಂಪು) ಬಗ್ಗೆ ಇನ್ನೂ ಯಾರೂ ಮಾತಾಡಿಲ್ಲ, ಅದು ಪಕ್ಕಾ ಬರುವ ಭಾಗ. ಎಲ್ಲರೂ ಮಾಡಿ, ಟಿ1, ಟಿ2 ಎರಡು ಟ್ರಾನ್ಸಾಕ್ಷನ್: ಟಿ1 ಎಕ್ಸ್ ಓದುತ್ತೆ, ಟಿ2 ಎಕ್ಸ್ ಬರೆಯುತ್ತೆ, ಟಿ1 ಎಕ್ಸ್ ಬರೆಯುತ್ತೆ. ಇದೇ ಕ್ರಮ. ಕಾನ್‌ಫ್ಲಿಕ್ಟ್ ಸೀರಿಯಲೈಜಬಲ್ (ಒಂದಕ್ಕೊಂದು ತಗುಲುವ ಹೆಜ್ಜೆಗಳ ಕ್ರಮ ಕೆಡದೆ ಟ್ರಾನ್ಸಾಕ್ಷನ್‌ಗಳನ್ನು ಒಂದಾದ ಮೇಲೊಂದು ಓಡಿಸಬಹುದಾ) ಹೌದಾ ಅಲ್ವಾ?

ಯಾದಗಿರಿ ಹುಡುಗಿ

ಟಿ1 ಓದಿದ ಮೇಲೆ ಟಿ2 ಬರೆದಿದೆ, ಟಿ1ರಿಂದ ಟಿ2ಗೆ ಬಾಣ. ಟಿ2 ಬರೆದ ಮೇಲೆ ಟಿ1 ಬರೆದಿದೆ, ಟಿ2ರಿಂದ ಟಿ1ಗೆ ಬಾಣ. ಸೈಕಲ್ ಬಂತು. ಅಲ್ಲ ಮೇಡಂ.

ಪಾಠದ ಮೇಡಂ, ಕಲಬುರಗಿ

ಸರಿ. ಈಗ ಕೊನೆಗೆ ಟಿ3 ಬಂದು ಎಕ್ಸ್ ಬರೆಯುತ್ತೆ ಅಂತ ಸೇರಿಸಿ. ಏನೂ ಓದದೇ ಬರೆಯುತ್ತೆ. ಕಾನ್‌ಫ್ಲಿಕ್ಟ್‌ನ ಸೈಕಲ್ ಹಾಗೇ ಇದೆ. ವ್ಯೂ ಸೀರಿಯಲೈಜಬಲ್ (ಓದುವ ಬೆಲೆ, ಕೊನೆಗೆ ಉಳಿಯುವ ಬೆಲೆ ಎರಡೂ ಸಾಲಾಗಿ ಓಡಿಸಿದ ಹಾಗೇ ಬರೋದು) ಆಗುತ್ತಾ?

ಶಹಾಪುರದವ

ನಾನು ಮಾಡ್ತೀನಿ ಮೇಡಂ. ಟಿ1, ಟಿ2, ಟಿ3 ಅಂತ ಸಾಲಾಗಿ ಓಡಿಸಿದೆ ಅಂತಿಟ್ಟುಕೊಳ್ಳಿ. ಟಿ1 ಎರಡರಲ್ಲೂ ಮೊದಲಿನ ಎಕ್ಸ್ ಅನ್ನೇ ಓದುತ್ತೆ. ಬೇರೆ ಯಾರೂ ಓದಲ್ಲ. ಕೊನೆಗೆ ಉಳಿಯೋದು ಎರಡರಲ್ಲೂ ಟಿ3 ಬರೆದ ಬೆಲೆ. ಹಾಗಾಗಿ ವ್ಯೂ ಸೀರಿಯಲೈಜಬಲ್ ಹೌದು, ಕಾನ್‌ಫ್ಲಿಕ್ಟ್ ಸೀರಿಯಲೈಜಬಲ್ ಅಲ್ಲ.

ಪಾಠದ ಮೇಡಂ, ಕಲಬುರಗಿ

ಪೂರ್ತಿ ಸರಿ. ಓದದೇ ಬರೆಯೋದಕ್ಕೆ ಬ್ಲೈಂಡ್ ರೈಟ್ ಅಂತಾರೆ. ಕಾನ್‌ಫ್ಲಿಕ್ಟ್ ಅಲ್ಲದೇ ವ್ಯೂ ಮಾತ್ರ ಆಗೋ ಶೆಡ್ಯೂಲ್ (ಹೆಜ್ಜೆಗಳ ಕ್ರಮ) ಇದ್ದರೆ ಅದರಲ್ಲಿ ಬ್ಲೈಂಡ್ ರೈಟ್ ಇದ್ದೇ ಇರುತ್ತೆ. ಇದೇ ಶೆಡ್ಯೂಲ್ ಟೂ ಫೇಸ್ ಲಾಕಿಂಗ್‌ನಲ್ಲಿ (ಒಂದು ಲಾಕ್ ಬಿಟ್ಟ ಮೇಲೆ ಹೊಸ ಲಾಕ್ ಹಿಡಿಯಬಾರದು ಅನ್ನೋ ನಿಯಮ) ನಡೆಯುತ್ತಾ, ನಡೆಯದಿದ್ದರೆ ಯಾವ ಹೆಜ್ಜೆಯಲ್ಲಿ ಯಾರು ಕಾಯಬೇಕು ಅಂತ ಭಾನುವಾರದೊಳಗೆ ಬರೆದು ಹಾಕಿ, ನೋಡ್ತೀನಿ.